ಉಬ್ಬಸದ ರೋಗಿಗಳು ಬದುಕಿದ್ದು ಹೇಗೆ?

ನ್ಯುಮೋನಿಯಾ ಬಂದವರೆಲ್ಲ ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಹಲವರು ಮಾತ್ರೆ ನುಂಗಿ, ವಿಶ್ರಾಂತಿ ಪಡೆದು ಮನೆಯಲ್ಲೇ ಗುಣವಾಗುತ್ತಾರೆ. ಕೆಲವರ ಸ್ಥಿತಿ ಮಾತ್ರ ನೋಡನೋಡುತ್ತಲೇ ಕೈಮೀರುತ್ತದೆ. ಯಾರನ್ನು ಮನೆಗೆ ಕಳುಹಿಸಬಹುದು, ಯಾರನ್ನು ದಾಖಲು ಮಾಡಿಕೊಳ್ಳಲೇಬೇಕು ಎಂಬುದನ್ನು ವೈದ್ಯರು ಬೇಗನೆ ತೀರ್ಮಾನಿಸಬೇಕು. ತಪ್ಪಿದರೆ ಪ್ರಾಣಕ್ಕೆ ಸಂಚಕಾರ. ಹಾಗೆಂದು ಎಲ್ಲರನ್ನೂ ಸೇರಿಸಿಕೊಂಡರೆ ಹಾಸಿಗೆಗಳೂ ಸಾಲವು, ಖರ್ಚೂ ಏರುತ್ತದೆ.

1990ರ ದಶಕದ ನಡುವಿನಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ ವಿಶ್ವವಿದ್ಯಾಲಯದ ಗ್ರೆಗರಿ ಕೂಪರ್ ಮತ್ತು ಸಂಗಡಿಗರು ಈ ತೀರ್ಮಾನಕ್ಕೆ ಕಂಪ್ಯೂಟರಿನ ನೆರವು ಪಡೆಯಲು ಹೊರಟರು. ಅವರ ಕೈಯಲ್ಲಿ 14,199 ನ್ಯುಮೋನಿಯಾ ರೋಗಿಗಳ ದಾಖಲೆಗಳಿದ್ದವು. ಪ್ರತಿಯೊಬ್ಬರ ವಯಸ್ಸು, ನಾಡಿಬಡಿತ, ರಕ್ತದೊತ್ತಡ, ರಕ್ತಪರೀಕ್ಷೆ ಮತ್ತು ಎಕ್ಸ್-ರೇ ಫಲಿತಾಂಶ, ಮೊದಲೇ ಇದ್ದ ಕಾಯಿಲೆಗಳು, ಕೊನೆಗೆ ಆ ರೋಗಿ ಬದುಕಿದರೋ ಇಲ್ಲವೋ ಎಂಬ ವಿವರ. ನೂರಕ್ಕೆ ಸುಮಾರು ಹನ್ನೊಂದು ಮಂದಿ ತೀರಿಕೊಂಡಿದ್ದರು.

ಕಂಪ್ಯೂಟರಿಗೆ ವೈದ್ಯಕೀಯ ಕಲಿಸುವ ಹಂಬಲ ಅದಕ್ಕಿಂತ ಹಳೆಯದು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಮೈಸಿನ್’ ಎಂಬ ವ್ಯವಸ್ಥೆಗೆ, ತಜ್ಞರನ್ನು ಕೇಳಿ ಕೇಳಿ ನೂರಾರು ನಿಯಮಗಳನ್ನು ಬರೆದು ತುಂಬಿದ್ದರು. ಯಂತ್ರಕಲಿಕೆಯ ದಾರಿ ಇದಕ್ಕೆ ತಿರುಗುಮುರುಗು. ಇಲ್ಲಿ ನಿಯಮವನ್ನು ಯಾರೂ ಹೇಳಿಕೊಡುವುದಿಲ್ಲ. ಸಾವಿರಾರು ರೋಗಿಗಳ ಕಥೆಯನ್ನೂ ಅದರ ಅಂತ್ಯವನ್ನೂ ಒಟ್ಟಿಗೇ ಕೊಟ್ಟು, ಎರಡರ ನಡುವಿನ ನಂಟನ್ನು ಯಂತ್ರವೇ ಹುಡುಕಿಕೊಳ್ಳಲು ಬಿಡುತ್ತಾರೆ. ದತ್ತಾಂಶ ಗಣಿಗಾರಿಕೆ ಎಂಬ ಹೆಸರು ಬಂದದ್ದು ಇದರಿಂದಲೇ. ಗಣಿಯಲ್ಲಿ ಅದಿರಿನ ಜೊತೆಗೆ ಬೇರೇನೆಲ್ಲ ಮೇಲೆ ಬರುತ್ತದೆ ಎಂಬುದನ್ನು ಆ ಹೆಸರು ಹೇಳುವುದಿಲ್ಲ, ಅಷ್ಟೆ.

ಪಿಟ್ಸ್‌ಬರ್ಗ್‌ ತಂಡ ಹಲವು ವಿಧಾನಗಳನ್ನು ಪಂದ್ಯಕ್ಕೆ ಬಿಟ್ಟಿತು. ಮಿದುಳಿನ ನರಗಳ ಹೆಣಿಗೆಯನ್ನು ದೂರದಿಂದ ಅನುಕರಿಸುವ ‘ನರಜಾಲ’ ಗೆದ್ದಿತು. ಬದುಕಿದ ಒಬ್ಬ, ತೀರಿಕೊಂಡ ಒಬ್ಬ, ಹೀಗೆ ಇಬ್ಬರ ವಿವರ ಕೊಟ್ಟು ‘ಇವರಲ್ಲಿ ಯಾರಿಗೆ ಅಪಾಯ ಹೆಚ್ಚು?’ ಎಂದು ಕೇಳಿದರೆ, ಅದು ನೂರಕ್ಕೆ ಸುಮಾರು 86 ಸಲ ಸರಿಯಾಗಿ ಹೇಳುತ್ತಿತ್ತು. ಸಂಖ್ಯಾಶಾಸ್ತ್ರದ ಹಳೆಯ ಸೂತ್ರದ ಅಂಕ 77. ಅಂತರ ಸಣ್ಣದೇನಲ್ಲ.

ಅದೇ ದಾಖಲೆಗಳನ್ನು ಇನ್ನೊಂದು ಪುಟ್ಟ ಪ್ರೋಗ್ರಾಮಿಗೂ ಕೊಟ್ಟಿದ್ದರು. ಅದರ ಜಾಣ್ಮೆ ಕಡಿಮೆ. ಆದರೆ ಕಲಿತದ್ದನ್ನು ಓದಲು ಬರುವ ನಿಯಮಗಳಾಗಿ ಬರೆದುಕೊಡುತ್ತಿತ್ತು. ಆ ಪಟ್ಟಿಯಲ್ಲಿದ್ದ ಒಂದು ಸಾಲು ವೈದ್ಯರನ್ನು ಬೆಚ್ಚಿಬೀಳಿಸಿತು: ಉಬ್ಬಸವಿರುವ ನ್ಯುಮೋನಿಯಾ ರೋಗಿಗೆ ಸಾವಿನ ಅಪಾಯ ಕಡಿಮೆ!

ಮೊದಲೇ ಏದುಸಿರು ಬಿಡುವವನಿಗೆ ಶ್ವಾಸಕೋಶದ ಸೋಂಕೂ ತಗುಲಿದರೆ ಅಪಾಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹಾಗಾದರೆ ದಾಖಲೆಗಳು ಸುಳ್ಳೇ? ಅಲ್ಲ. ಇದು ಕಾಗೆ ಕೂತು ಕೊಂಬೆ ಮುರಿದ ಕಾಕತಾಳೀಯವೂ ಅಲ್ಲ. ಉಬ್ಬಸದವರು ನಿಜಕ್ಕೂ ಕಡಿಮೆ ಸಂಖ್ಯೆಯಲ್ಲಿ ಸತ್ತಿದ್ದರು. ಏಕೆಂದರೆ ಉಬ್ಬಸ ಎಂದು ತಿಳಿದೊಡನೆ ವೈದ್ಯರು ಅವರನ್ನು ಬರಿಯ ವಾರ್ಡಿಗಲ್ಲ, ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು. ಅಲ್ಲಿನ ಆರೈಕೆ ಅವರನ್ನು ಉಳಿಸಿತ್ತು. ಯಂತ್ರಕ್ಕೆ ಕಂಡದ್ದು ಉಬ್ಬಸ ಮತ್ತು ಬದುಕು. ನಡುವೆ ದುಡಿದ ವೈದ್ಯರೂ ದಾದಿಯರೂ ಅದರ ಕಣ್ಣಿಗೆ ಬೀಳಲಿಲ್ಲ. ಅದರ ಮಾತು ಕೇಳಿ ಉಬ್ಬಸದ ರೋಗಿಯನ್ನು ಮನೆಗೆ ಕಳುಹಿಸಿದ್ದರೆ, ಅವನನ್ನು ಕಾಪಾಡುತ್ತಿದ್ದ ಆ ಆರೈಕೆಯೇ ತಪ್ಪಿಹೋಗುತ್ತಿತ್ತು.

ಅದೇ ದಾಖಲೆಗಳಿಂದ ಕಲಿತ ನರಜಾಲವೂ ಇದನ್ನೇ ಕಲಿತಿರಬೇಕಷ್ಟೆ. ಆದರೆ ಅದರೊಳಗೆ ಇಣುಕಿದರೆ ಕಾಣುವುದು ಬರೀ ಅಂಕಿಗಳ ರಾಶಿ. ಉಬ್ಬಸದ ತಪ್ಪನ್ನು ತಿದ್ದಬಹುದಿತ್ತು. ಯಾರ ಕಣ್ಣಿಗೂ ಬೀಳದ ಇಂಥ ತಪ್ಪುಗಳು ಒಳಗೆ ಇನ್ನೆಷ್ಟಿವೆಯೋ! ಆ ತಂಡದಲ್ಲಿ ನರಜಾಲವನ್ನು ಕಲಿಸಿದವರು ಆಗಿನ್ನೂ ವಿದ್ಯಾರ್ಥಿಯಾಗಿದ್ದ ರಿಚ್ ಕರುವಾನಾ. ಅದನ್ನು ರೋಗಿಗಳ ಮೇಲೆ ಪ್ರಯೋಗಿಸುವುದು ಬೇಡ ಎಂದವರೂ ಅವರೇ. ಗೆದ್ದ ಕುದುರೆಯನ್ನು ಲಾಯದಲ್ಲೇ ಬಿಟ್ಟು, ಅರ್ಥವಾಗುವ ಹಳೆಯ ಸೂತ್ರವನ್ನೇ ತಂಡ ಆರಿಸಿಕೊಂಡಿತು. ಪಂದ್ಯದ ಫಲಿತಾಂಶ 1997ರಲ್ಲಿ ಪ್ರಕಟವಾಯಿತು.

ಅವರ ಅಳುಕು ಸುಳ್ಳಾಗಿರಲಿಲ್ಲ. 2018ರಲ್ಲಿ ಅಮೆರಿಕದ ಇನ್ನೊಂದು ತಂಡ, ಎದೆಯ ಎಕ್ಸ್-ರೇ ನೋಡಿ ನ್ಯುಮೋನಿಯಾ ಗುರುತಿಸಲು ಕಲಿತ ಯಂತ್ರವನ್ನು ಪರೀಕ್ಷಿಸಿತು. ಚಿತ್ರಗಳು ಬಂದಿದ್ದ ಎರಡು ಸಂಸ್ಥೆಗಳ ಪೈಕಿ ಒಂದರಲ್ಲಿ ನೂರಕ್ಕೆ 34ರಲ್ಲಿ ನ್ಯುಮೋನಿಯಾ ಇತ್ತು, ಇನ್ನೊಂದರಲ್ಲಿ ಒಂದರ ಆಸುಪಾಸು. ಚಿತ್ರ ಎಲ್ಲಿಯದೆಂದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆಯೇ. ಅದನ್ನು ಯಂತ್ರ ನೂರಕ್ಕೆ 99ಕ್ಕೂ ಹೆಚ್ಚು ಸಲ ಸರಿಯಾಗಿ ಹೇಳಬಲ್ಲುದಾಗಿತ್ತು. ಎಕ್ಸ್-ರೇ ತೆಗೆಯುವವರು ಮೂಲೆಯಲ್ಲಿಡುವ ಲೋಹದ ಗುರುತೂ ಅದಕ್ಕೆ ಸುಳಿವಾಗಿತ್ತು. ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿ ಬರೆಯುವ ಹುಡುಗನ ಜಾಣತನವಿದು.

ಕರುವಾನಾ ಆ ಹಳೆಯ ದಾಖಲೆಗಳನ್ನು ಮರೆಯಲಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರಾಗಿದ್ದ ಅವರು 2015ರಲ್ಲಿ ಸಂಗಡಿಗರೊಂದಿಗೆ ಹೊಸದೊಂದು ವಿಧಾನವನ್ನು ಅವುಗಳ ಮೇಲೆ ಪ್ರಯೋಗಿಸಿದರು. ಇದರಲ್ಲಿ ವಯಸ್ಸಿಗೊಂದು, ರಕ್ತದೊತ್ತಡಕ್ಕೊಂದು ಎಂಬಂತೆ ಪ್ರತಿ ಅಂಶಕ್ಕೂ ಪ್ರತ್ಯೇಕ ನಕ್ಷೆ. ವೈದ್ಯರು ಒಂದೊಂದನ್ನೂ ನೋಡಿ, ಒಪ್ಪದಿದ್ದರೆ ಅಳಿಸಿ ಬೇರೆ ಗೆರೆ ಎಳೆಯಬಹುದು. ನಿಖರತೆಯಲ್ಲೂ ಅದು ಅತ್ಯುತ್ತಮ ವಿಧಾನಗಳಿಗೆ ಸರಿಸಾಟಿ. ಉಬ್ಬಸದ ನಂಟು ಅಲ್ಲಿ ಮತ್ತೆ ಪ್ರತ್ಯಕ್ಷವಾಯಿತು. ಜೊತೆಗೆ ಎದೆನೋವಿದ್ದವರಿಗೂ, ಹಿಂದೆ ಹೃದ್ರೋಗ ಇದ್ದವರಿಗೂ ಅಪಾಯ ಕಡಿಮೆಯೆಂದು ನಕ್ಷೆ ತೋರಿಸಿತು. ಎದೆನೋವು ಎಂದರೆ ಯಾರು ತಾನೆ ಕಾಯಿಸುತ್ತಾರೆ? ಅವರಿಗೂ ಚಿಕಿತ್ಸೆ ಬೇಗ ಸಿಕ್ಕಿರಬೇಕು.

ನಕ್ಷೆಯಿಂದ ಉಬ್ಬಸದ ಗೆರೆಯನ್ನು ಅಳಿಸುವುದು ಸುಲಭ. ಅದರ ಜಾಗದಲ್ಲಿ ಎಳೆಯಬೇಕಾದ ಸರಿಯಾದ ಗೆರೆ ಯಾವುದು? ಅದನ್ನು ತಿಳಿಯಬೇಕಾದರೆ ಉಬ್ಬಸದ ರೋಗಿಗಳಿಗೆ ವಿಶೇಷ ಆರೈಕೆ ಕೊಡದೆ ಏನಾಗುತ್ತದೆಂದು ನೋಡಬೇಕು. ಅಂಥ ಪ್ರಯೋಗಕ್ಕೆ ಯಾವ ವೈದ್ಯರೂ ಕೈಹಾಕುವುದಿಲ್ಲ. ಆ ಗೆರೆಯನ್ನು ವೈದ್ಯರು ತಮ್ಮ ಅನುಭವದಿಂದಲೇ ಎಳೆಯಬೇಕು.