ಕೇಪಿನ ಕೊಳವೆ ಅಲ್ಯೂಮಿನಿಯಮ್ಮಿನದೇ ಏಕೆ?

ಗುಂಡ್ಲುಪೇಟೆ ತಾಲ್ಲೂಕಿನ ಬಿಳಿಕಲ್ಲು ಕ್ವಾರಿಯೊಂದರಲ್ಲಿ ಬಂಡೆ ಸಿಡಿಸುವುದನ್ನು ನೋಡಲು ಹೋಗಿದ್ದೆ. ಬಂಡೆಗಿಂತ ಹೆಚ್ಚು ಮನಸ್ಸಿಗೆ ಹತ್ತಿದ್ದು ಕೇಪು, ಅಂದರೆ ಡಿಟೊನೇಟರ್. ಪೆನ್ಸಿಲ್ ತುಂಡಿನಂಥ ಬೆಳ್ಳನೆಯ ಲೋಹದ ಕೊಳವೆ. ಒಂದು ತುದಿ ಮುಚ್ಚಿದೆ, ಇನ್ನೊಂದರಿಂದ ಸಣ್ಣ ಪ್ಲಾಸ್ಟಿಕ್ ನಳಿಕೆ ಹೊರಟಿದೆ. “ಮುಟ್ಟಬ್ಯಾಡಿ ಸಾ, ಬಗ್ಗಿ ನೋಡಿ ಸಾಕು” ಎಂದರು ಬ್ಲಾಸ್ಟರ್. ಕುಳಿಗಳಿಗೆ ಮದ್ದು ತುಂಬಿ, ಮೇಲೆ ಕಲ್ಲುಪುಡಿ ಗಿಡಿದು, ಸೈರನ್ ಕೂಗಿಸಿ, ನಮ್ಮನ್ನೆಲ್ಲ ಅರ್ಧ ಕಿಲೋಮೀಟರ್ ಆಚೆ ನಿಲ್ಲಿಸಿದರು. ಮೊದಲು ಕಾಲಡಿಯ ನೆಲ ಅದುರಿತು. ಸದ್ದು ಬಂದದ್ದು ಆಮೇಲೆ.

ಚಾಮರಾಜನಗರದ ಹೆಸರಾಂತ ಕರಿಕಲ್ಲಿಗೆ ಇಷ್ಟು ಆರ್ಭಟ ಸಲ್ಲದು. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅದರ ಬೆಲೆ ಹೋಗುತ್ತದೆ. ಹಾಗಾಗಿ ಅದನ್ನು ವಜ್ರದ ಹರಳು ಕೂರಿಸಿದ ತಂತಿಯಿಂದ ಕೊಯ್ಯುತ್ತಾರೆ. ಕೇಪಿನ ಕೆಲಸ ಇರುವುದು ಜಲ್ಲಿಯಾಗುವ ಕಲ್ಲಿಗೆ.

2021ರಲ್ಲಿ ಹುಣಸೋಡು, ಹಿರೇನಾಗವಲ್ಲಿ ಎಂಬ ಊರುಗಳಲ್ಲಿ ಕ್ವಾರಿ ಮದ್ದಿನ ಸ್ಫೋಟಗಳಾದಾಗ ಪತ್ರಿಕೆಗಳ ತುಂಬ ಜಿಲೆಟಿನ್ ಮಾತೇ ಇತ್ತು. ಕೇಪಿನೊಳಗಿನ ಚಿಟಿಕೆ ಪುಡಿಯ ಬಗ್ಗೆ ಬರೆದವರು ಕಡಿಮೆ. ನನ್ನ ಮಟ್ಟಿಗೆ ರಸಾಯನಶಾಸ್ತ್ರದ ನಿಜವಾದ ಸೊಗಸು ಇರುವುದು ಅದರಲ್ಲೇ. ಇಂದಿನ ಎಮಲ್ಷನ್ ಮದ್ದಿಗೆ ಬೆಂಕಿಯ ಕಿಡಿ ಸಾಲದು, ಬಲವಾದ ಆಘಾತವೇ ಬೇಕು. ಅದನ್ನು ಕೊಡುವುದು ಕೇಪಿನ ತಳದಲ್ಲಿರುವ ಪಿಇಟಿಎನ್ ಎಂಬ ಸ್ಫೋಟಕ. ಆ ಪಿಇಟಿಎನ್ ಅನ್ನು ಎಬ್ಬಿಸುವುದು ಲೆಡ್ ಅಜೈಡ್. ನಮ್ಮ ದೇಶದ ಕೇಪುಗಳಲ್ಲಿ ಇದನ್ನು ಲೆಡ್ ಸ್ಟಿಫ್ನೇಟ್ ಮತ್ತು ಅಲ್ಯೂಮಿನಿಯಂ ಪುಡಿಯೊಂದಿಗೆ ಬೆರೆಸಿ ಎಎಸ್‌ಎ ಎಂಬ ಮಿಶ್ರಣವಾಗಿ ಬಳಸುತ್ತ ಬಂದಿದ್ದಾರೆ.

ಅಜೈಡ್ ಎಂದರೆ ಒಂದೇ ಸಾಲಿನಲ್ಲಿ ನಿಂತ ಮೂರು ಸಾರಜನಕ ಪರಮಾಣು. ಸಾರಜನಕಕ್ಕೆ ಜೋಡಿಯಾಗಿ ಗಾಳಿಗೆ ಸೇರುವುದೇ ಇಷ್ಟ. ಆ ಜೋಡಿಯನ್ನು ಬಿಡಿಸಲು ಮೋಲ್‌ಗೆ ಸುಮಾರು 945 ಕಿಲೋಜೂಲ್ ಬೇಕು. ಮೂವರು ಒಟ್ಟಿಗಿರುವ ಅಜೈಡ್ ಅವಕಾಶ ಸಿಕ್ಕೊಡನೆ ಒಡೆದು ಜೋಡಿಗಳಾಗುತ್ತದೆ. ಬಿಯರ್ ಕಾರ್ಖಾನೆಯಲ್ಲಿ ರಸಾಯನತಜ್ಞನಾಗಿದ್ದ ಪೀಟರ್ ಗ್ರೀಸ್ 1864ರಲ್ಲಿ ಮೊದಲ ಸಾವಯವ ಅಜೈಡ್ ತಯಾರಿಸಿದ. 1890ರ ಸುಮಾರಿಗೆ ಥಿಯೊಡೊರ್ ಕುರ್ಟಿಯಸ್ ಹೈಡ್ರಜೋಯಿಕ್ ಆಮ್ಲವನ್ನೂ ಲೆಡ್ ಅಜೈಡನ್ನೂ ಕಂಡುಕೊಂಡ. ಆಗಿನ ಕೇಪುಗಳಲ್ಲಿ ಇದ್ದದ್ದು ಪಾದರಸದ ಫಲ್ಮಿನೇಟ್. ಸೆಕೆಯ ಗೋದಾಮಿನಲ್ಲಿ ಅದು ಕೆಡುತ್ತಿತ್ತು. ಲೆಡ್ ಅಜೈಡ್ ನಮ್ಮ ಬೇಸಿಗೆಯಂಥ ಬಿಸಿಯನ್ನೂ ತಡೆಯುತ್ತದೆ.

ಆದರೆ ಅದಕ್ಕೆ ತಾಮ್ರ ಆಗದು. ತೇವ ತಾಗಿದರೆ ಲೆಡ್ ಅಜೈಡಿನಿಂದ ಹೈಡ್ರಜೋಯಿಕ್ ಆಮ್ಲ ಮೆಲ್ಲಗೆ ಹೊರಬರುತ್ತದೆ. ಸುತ್ತ ತಾಮ್ರವಿದ್ದರೆ ತಾಮ್ರದ ಅಜೈಡ್ ಕಟ್ಟಿಕೊಳ್ಳುತ್ತದೆ, ಅದು ಸಣ್ಣ ಉಜ್ಜಾಟಕ್ಕೂ ಸಿಡಿಯುವ ವಸ್ತು. ಹಳೆಯ ಫಲ್ಮಿನೇಟ್ ಕೇಪುಗಳ ತಾಮ್ರದ ಕೊಳವೆ ಹೋಗಿ ಅಲ್ಯೂಮಿನಿಯಂ ಬಂದದ್ದು ಹೀಗೆ. ಕ್ವಾರಿಯಲ್ಲಿ ನಾನು ಬಗ್ಗಿ ನೋಡಿದ ಆ ಬೆಳ್ಳನೆಯ ಮೈಗೆ ಇದೇ ಕಾರಣ.

ಈ ತಾಮ್ರದ ಹಗೆ ಕ್ವಾರಿಗಷ್ಟೇ ಸೀಮಿತವಲ್ಲ. ರಕ್ತದ ಗುಂಪು ನೋಡುವ ದ್ರಾವಣ ಕೆಡದಿರಲೆಂದು ಸಾಮಾನ್ಯವಾಗಿ ಸುಮಾರು 0.1% ಸೋಡಿಯಂ ಅಜೈಡ್ ಹಾಕುತ್ತಾರೆ. ಚಾಮರಾಜನಗರದ ಲ್ಯಾಬುಗಳಲ್ಲೂ ಬಾಟಲಿಯ ಚೀಟಿ ಓದಿ ನೋಡಿ. ಆ ದ್ರಾವಣವನ್ನು ಸಿಂಕಿಗೆ ಸುರಿಯುತ್ತ ಬಂದರೆ ತಾಮ್ರ, ಸೀಸದ ಕೊಳವೆಯೊಳಗೆ ಅಜೈಡ್ ಪದರ ಬೆಳೆಯುತ್ತದೆ. 1970ರ ದಶಕದಲ್ಲಿ ಅಮೆರಿಕದ ಪ್ರಯೋಗಾಲಯಗಳ ಕೊಳವೆಗಳು ಸಿಡಿದದ್ದು ಇದರಿಂದಲೇ. ಸುರಿಯುವಾಗ ಧಾರಾಳವಾಗಿ ನೀರು ಬಿಡಬೇಕೆಂಬ ಎಚ್ಚರಿಕೆಯನ್ನು ದಯವಿಟ್ಟು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಇನ್ನೂ ವಿಚಿತ್ರವೆಂದರೆ, ಸಾವಯವ ಅಜೈಡನ್ನು ಆಲ್ಕೈನ್ ಎಂಬ ಇಂಗಾಲದ ಸಂಯುಕ್ತದ ಜೊತೆ ಅಚ್ಚುಕಟ್ಟಾಗಿ ಬೆಸೆಯಲು ಇದೇ ತಾಮ್ರ ಬೇಕು. ರಸಾಯನತಜ್ಞರಾದ ಮೆಲ್ಡಾಲ್ ಮತ್ತು ಶಾರ್ಪ್‌ಲೆಸ್ ‘ಕ್ಲಿಕ್’ ಎಂದು ಹೆಸರಾದ ಈ ಕ್ರಿಯೆಯನ್ನು ಬೇರೆ ಬೇರೆಯಾಗಿ ಕಂಡುಕೊಂಡರು. ಜೀವಕೋಶಕ್ಕೆ ತಾಮ್ರ ವಿಷವಾದ್ದರಿಂದ ಬರ್ಟೋಜಿ ತಾಮ್ರವಿಲ್ಲದ ದಾರಿ ಹುಡುಕಿದರು. 2022ರ ನೊಬೆಲ್ ಮೂವರಿಗೂ ಬಂತು.

ಮತ್ತೆ ಕ್ವಾರಿಯ ಕಡೆಗೆ ಬಂದರೆ, 2025ರ ಏಪ್ರಿಲ್‌ನಿಂದ ದೇಶದಲ್ಲಿ ಎಲೆಕ್ಟ್ರಿಕ್ ಡಿಟೊನೇಟರ್ ನಿಷೇಧವಾಗಿದೆ. ಚಿಪ್ ಇರುವ ಎಲೆಕ್ಟ್ರಾನಿಕ್ ಕೇಪುಗಳು ಬರುತ್ತಿವೆ. ಚಿಪ್ ಬಂದರೆ ಸಮಯದ ಲೆಕ್ಕ ಪಕ್ಕಾ ಆಗುತ್ತದೆ, ಆದರೆ ಲೆಡ್ ಅಜೈಡಿನಲ್ಲಿರುವ ಸೀಸದ ವಿಷದ ಸಮಸ್ಯೆ ಅದರಿಂದ ತೀರದು. ಸೀಸದ ಬದಲಿಗೆ ಅಮೆರಿಕದಲ್ಲಿ ರೂಪುಗೊಂಡ ಡಿಬಿಎಕ್ಸ್-1 ಎಂಬ ವಸ್ತುವಿನಲ್ಲಿ ಅಜೈಡ್ ಇಲ್ಲ, ಸೀಸವೂ ಇಲ್ಲ. ಅದು ತಾಮ್ರದ ಲವಣ.