ಮಳೆಗಾಲದ ಕೇಕಿಗೆ ಮಿಠಾಯಿಯ ಜೋಗ

ಆಷಾಢದ ಮಳೆ ಹಿಡಿದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆಗಳಲ್ಲಿ ಉಪ್ಪಿನ ಭರಣಿಯೂ ನೀರೊಡೆಯುತ್ತದೆ. ಬೆಂಕಿಪೊಟ್ಟಣವನ್ನು ಒಲೆಯ ಬಳಿಯಲ್ಲಿಟ್ಟು ಕಾಪಾಡಬೇಕಾಗುತ್ತದೆ. ಅಂತಹ ದಿನಗಳಲ್ಲಿಯೇ ಮಗುವಿನ ಹುಟ್ಟುಹಬ್ಬ ಬಂದರೆ ತಾಯಿ ಮಾಡುವುದೇನು? ಪೇಟೆಯಿಂದ ಕೇಕು ತರಿಸಬಹುದು, ನಿಜ. ಆದರೆ ತಿರುವುಗಳ ಹಾದಿಯಲ್ಲಿ ಬಸ್ಸಿನೊಳಗೆ ಕುಲುಕಾಡಿ ಅದು ಮನೆ ಸೇರುವಷ್ಟರಲ್ಲಿ ಶೃಂಗಾರವೆಲ್ಲ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿರುತ್ತದೆ.

ಜೋಗವನ್ನು ನೋಡಿ ಬಂದಿದ್ದ ನಮ್ಮ ಆರು ವರ್ಷದ ಮಗಳು ಹೋದ ವರ್ಷ, "ನನ್ನ ಕೇಕಿನಲ್ಲಿ ಜಲಪಾತ ಇರಬೇಕು" ಎಂದು ಹಟ ಹಿಡಿದಳು. ಹಿಂದಿನ ರಾತ್ರಿಯೇ ಕೇಕು ಮಾಡಿ, ಗಾಜಿನಂತೆ ಹೊಳೆಯುವ ಬಣ್ಣದ ಪೆಪ್ಪರಮೆಂಟುಗಳನ್ನು ಜೋಡಿಸಿ ಹೆಮ್ಮೆಯಿಂದ ಮಲಗಿದೆ. ಬೆಳಗಾಗುವಷ್ಟರಲ್ಲಿ ಬಣ್ಣಗಳೆಲ್ಲ ಕರಗಿ ಕೆಸರಿನ ಹೊಳೆಯಾಗಿತ್ತು. ಮಗು ಅಳಲಿಲ್ಲ, "ಪರವಾಗಿಲ್ಲಮ್ಮ, ಮಳೆ ಬಂದಿದೆ" ಎಂದಳು. ಅತ್ತಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ತಪ್ಪು ಎಲ್ಲಿ? ಸಕ್ಕರೆ ಪಾಕವನ್ನು ಸುಮಾರು ೧೫೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಬೇಗನೆ ಆರಿಸಿದಾಗ ಹರಳು ಕಟ್ಟದೆ ಗಾಜಿನಂತಾಗುತ್ತದೆ. ಈ ಪಾರದರ್ಶಕ ಮಿಠಾಯಿ ಗಾಳಿಯ ತೇವವನ್ನು ಬಹುಬೇಗ ಹೀರುತ್ತದೆ. ಕಲ್ಲುಸಕ್ಕರೆ, ಸಂಕ್ರಾಂತಿಯ ಸಕ್ಕರೆ ಅಚ್ಚು, ಕುಸುರೆಳ್ಳುಗಳಲ್ಲಿ ಸಕ್ಕರೆ ಹರಳುಗಟ್ಟಿರುತ್ತದೆ. ಗಾಳಿಯ ತೇವ ಶೇಕಡಾ ೮೫ರಷ್ಟು ಏರುವವರೆಗೂ ಅವು ತಕ್ಕಮಟ್ಟಿಗೆ ನಿಲ್ಲುತ್ತವೆ. ಮಲೆನಾಡಿನ ಮಳೆಗಾಲ ಆ ಎಲ್ಲೆಯನ್ನೂ ಮೀರುವುದುಂಟು. ಆದುದರಿಂದ ಶೃಂಗಾರ ಯಾವುದೇ ಇರಲಿ, ಕೇಕು ಕೊಯ್ಯುವ ಅರ್ಧ ಗಂಟೆಗೆ ಮೊದಲು ಮಾಡುವುದೇ ಜಾಣತನ.

ಮೊಟ್ಟೆಯಿಲ್ಲದ ಸರಳ ಕೇಕಿಗೆ ಒಂದೂವರೆ ಬಟ್ಟಲು ಮೈದಾ, ಒಂದು ಬಟ್ಟಲು ಸಕ್ಕರೆ ಪುಡಿ, ಒಂದು ಬಟ್ಟಲು ಗಟ್ಟಿ ಮೊಸರು, ಅರ್ಧ ಬಟ್ಟಲು ಕರಗಿಸಿದ ಬೆಣ್ಣೆ, ಒಂದು ಚಮಚೆ ಬೇಕಿಂಗ್ ಪೌಡರ್, ಅರ್ಧ ಚಮಚೆ ಅಡುಗೆ ಸೋಡಾ, ಚಿಟಿಕೆ ಏಲಕ್ಕಿ ಸಾಕು. ಮೊಸರಿನ ಹುಳಿ ಸೋಡಾದೊಡನೆ ಕೂಡಿ ಗಾಳಿಗುಳ್ಳೆಗಳನ್ನು ಎಬ್ಬಿಸುವುದರಿಂದ, ಕಲಸಿದೊಡನೆಯೇ ಬೇಯಲು ಇಡಬೇಕು. ಒಲೆಪೆಟ್ಟಿಗೆ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಒಣಮರಳು ಹಾಸಿ ಕಾಯಿಸಿ, ನಡುವೆ ಕೇಕಿನ ತಟ್ಟೆಯನ್ನಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಲಿ. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಕೇಕು ಬೆಂದಿತೆಂದು ತಿಳಿಯಬೇಕು.

ಪೂರ್ತಿ ಆರಿದ ಮೇಲೆ ೧೦೦ ಗ್ರಾಂ ಬೆಣ್ಣೆಗೆ ೧೫೦ ಗ್ರಾಂ ಸಕ್ಕರೆ ಪುಡಿ ಸೇರಿಸಿ ನೊರೆಯಾಗುವಂತೆ ಕಡೆದು ತೆಳುವಾಗಿ ಸವರಿರಿ. ಈ ಜಿಡ್ಡಿನ ಪದರ ಮಿಠಾಯಿಯನ್ನು ಹಿಡಿದಿಡುವುದಲ್ಲದೆ, ಕೇಕಿನ ತೇವ ಅದಕ್ಕೆ ತಾಗದಂತೆ ತಡೆಯುತ್ತದೆ.

ಈ ವರ್ಷ ನಾನು ಬಿಗಿ ಡಬ್ಬಿಯಲ್ಲಿ ಕಾದಿಟ್ಟಿದ್ದ ಕುಸುರೆಳ್ಳನ್ನು ಹೊರತೆಗೆದೆ. ಕೇಕಿನ ಒಂದು ಬದಿಯನ್ನು ನೇರವಾಗಿ ಕೊಯ್ದಾಗ ಅದೇ ಬಂಡೆಯಾಯಿತು. ಅಲ್ಲಿಗೂ ಬೆಣ್ಣೆ ಸವರಿ, ಕುಸುರೆಳ್ಳಿನಿಂದ ನಾಲ್ಕು ಬಿಳಿಯ ಧಾರೆಗಳನ್ನು ಇಳಿಬಿಟ್ಟೆವು: ಎಡದಿಂದ ರಾಜ, ರೋರರ್, ರಾಕೆಟ್, ರಾಣಿ. ೨೫೩ ಮೀಟರಿನ ಜಲಪಾತ ನಾಲ್ಕು ಅಂಗುಲಕ್ಕೆ ಇಳಿಯಿತು! ಬುಡದಲ್ಲಿ ಕಲ್ಲುಸಕ್ಕರೆಯ ಬಂಡೆಗಳು, ಮೇಲೆ ಸಕ್ಕರೆ ಲೇಪದ ಹಸಿರು ಸೋಂಪಿನ ಕಾಡು, ಕಾಡಿನ ನಡುವೆ ಅಚ್ಚಿನದೊಂದು ಆನೆ. ಇವುಗಳಿಗಾಗಿ ಅಂಗಡಿಗೆ ಹೋಗಬೇಕಾಗಲಿಲ್ಲ.

ಒಂದು ಎಚ್ಚರಿಕೆಯ ಮಾತು: ನಾಲ್ಕು ವರ್ಷದೊಳಗಿನ ಮಕ್ಕಳ ಪಾಲಿನಿಂದ ಗಟ್ಟಿ ಮಿಠಾಯಿಗಳನ್ನು ತೆಗೆದುಬಿಡಿ, ಅವು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ಹೊರಗೆ ಅಂದೂ ಬಿರುಮಳೆ. ಮಗಳು ಕೇಕಿನ ಮುಂದೆ ಬಹಳ ಹೊತ್ತು ನಿಂತು, ಬೆರಳಿನಿಂದ ರಾಣಿಯನ್ನು ಮೆಲ್ಲನೆ ಮುಟ್ಟಿ ನೋಡಿದಳು.

"ಅಮ್ಮಾ, ಈ ಸಲ ಕರಗಿಲ್ಲ!" ಎಂದಳು.