ಇಂಗದ ನೆಲಕ್ಕೆ ಶುಲ್ಕ: ಅಮೆರಿಕದ ಮಳೆನೀರಿನ ಬಿಲ್ಲು ಬಂದ ಬಗೆ

ಅಮೆರಿಕದ ಎರಡು ಸಾವಿರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳು ಮನೆ, ಅಂಗಡಿ, ಕಾರ್ಖಾನೆಗಳ ಮಾಲೀಕರಿಂದ ಮಳೆನೀರು ಶುಲ್ಕ ವಸೂಲು ಮಾಡುತ್ತವೆ. ಮನೆಯಲ್ಲಿ ಬಳಸಿದ ನೀರಿಗೂ ಈ ಶುಲ್ಕಕ್ಕೂ ಸಂಬಂಧವಿಲ್ಲ. ಆಸ್ತಿಯ ಬೆಲೆಯೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಿವೇಶನದ ಮೇಲೆ ಬಿದ್ದ ಮಳೆಯಲ್ಲಿ ಎಷ್ಟು ಪಾಲು ಅಲ್ಲೇ ಇಂಗದೆ ಊರಿನ ಚರಂಡಿ ಸೇರುತ್ತದೆ ಎಂಬುದೇ ಇದರ ಆಧಾರ. ಹಾಗೆ ಹರಿದುಹೋಗುವ ನೀರನ್ನು ಅಳೆಯಲು ಮನೆಮನೆಗೆ ಮೀಟರು ಕೂರಿಸಲಾಗದು. ಹಾಗಾಗಿ ಚಾವಣಿ, ಕಾಂಕ್ರೀಟು ಅಂಗಳ, ಡಾಂಬರು ಹಾಕಿದ ಜಾಗಗಳ ವಿಸ್ತೀರ್ಣವನ್ನೇ ಅಳತೆಗೆ ಹಿಡಿಯುತ್ತಾರೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ಕೊಡುವ ಅಂದಾಜಿನ ಪ್ರಕಾರ, ಗಿಡಮರ ಬೆಳೆದ ಸಹಜ ನೆಲದಲ್ಲಿ ಮಳೆಯ ಶೇ 10ರಷ್ಟು ಮಾತ್ರ ಮೇಲ್ಮೈಯಲ್ಲಿ ಹರಿದುಹೋಗುತ್ತದೆ. ಅರ್ಧದಷ್ಟು ಇಂಗುತ್ತದೆ, ಉಳಿದದ್ದು ಆವಿಯಾಗುತ್ತದೆ. ನೆಲದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಜಾಗ ಕಟ್ಟಡ, ರಸ್ತೆಗಳಿಂದ ಮುಚ್ಚಿಹೋದರೆ ಹರಿದುಹೋಗುವ ಪಾಲು ಶೇ 55ಕ್ಕೆ ಏರಿ, ಇಂಗುವುದು ಶೇ 15ಕ್ಕೆ ಇಳಿಯುತ್ತದೆ. ಸಾವಿರ ಚದರ ಅಡಿಯ ಚಾವಣಿಯ ಮೇಲೆ ಒಂದು ಅಂಗುಲ ಮಳೆ ಸುರಿದರೆ ಸುಮಾರು 2,360 ಲೀಟರ್ ನೀರು ಸೂರಿನಿಂದ ಇಳಿಯುತ್ತದೆ. ಬಡಾವಣೆಯ ಎಲ್ಲ ಚಾವಣಿಗಳ ನೀರು ಒಂದೇ ತಾಸಿನಲ್ಲಿ ಒಂದೇ ಹಳ್ಳಕ್ಕೆ ನುಗ್ಗಿದರೆ ದಂಡೆ ಕುಸಿಯುತ್ತದೆ, ತಗ್ಗಿನ ಮನೆಗಳಿಗೆ ನೀರು ಹೊಗುತ್ತದೆ.

ಬೆಲ್‌ವ್ಯೂ ಹಾಕಿದ ಪಾಯ

ಬಹುಕಾಲ ಮಳೆನೀರು ಚರಂಡಿಗಳ ಖರ್ಚನ್ನು ಊರಿನ ಸಾಮಾನ್ಯ ತೆರಿಗೆ ಹಣದಿಂದಲೇ ತೂಗಿಸಲಾಗುತ್ತಿತ್ತು. ಪೊಲೀಸು, ಅಗ್ನಿಶಾಮಕ ದಳ, ರಸ್ತೆಗಳ ಬೇಡಿಕೆಗಳೆಲ್ಲ ಮುಗಿದ ಮೇಲೆ ಚರಂಡಿಯ ಸರದಿ. ನೆರೆ ಬಂದ ವರ್ಷ ಒಂದಿಷ್ಟು ಹಣ ಸಿಗುತ್ತಿತ್ತು, ಮರುವರ್ಷ ಎಲ್ಲರಿಗೂ ಮರೆತುಹೋಗುತ್ತಿತ್ತು.

ಈ ಪರಿಪಾಠವನ್ನು ಮೊದಲು ಮುರಿದ ಊರುಗಳಲ್ಲಿ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಒಂದು. ಸಿಯಾಟಲ್ ನಗರದ ಎದುರು, ಲೇಕ್ ವಾಷಿಂಗ್ಟನ್ ಸರೋವರದ ಪೂರ್ವ ದಂಡೆಯಲ್ಲಿರುವ ಈ ಊರಿಗೆ ನಗರದ ಸ್ಥಾನ ಸಿಕ್ಕಿದ್ದು 1953ರಲ್ಲಿ. 1963ರಲ್ಲಿ ಸರೋವರಕ್ಕೆ ಎರಡನೆಯ ತೇಲುಸೇತುವೆ ಬಂದ ಮೇಲೆ ಊರು ಬೇಗ ಬೆಳೆಯಿತು. ಕಾಡು, ತೋಟಗಳಿದ್ದಲ್ಲಿ ಮನೆ, ಮಾಲು, ಪಾರ್ಕಿಂಗ್ ಜಾಗಗಳು ಎದ್ದವು. ಊರೊಳಗಿನ ತೊರೆಗಳು ಮಳೆಗಾಲದಲ್ಲಿ ಉಕ್ಕತೊಡಗಿದವು. ಆ ತೊರೆಗಳು ಸಾಲ್ಮನ್ ಮೀನುಗಳು ಏರಿಬಂದು ಮೊಟ್ಟೆಯಿಡುವ ಜಾಗಗಳೂ ಆಗಿದ್ದವು.

1974ರಲ್ಲಿ ಬೆಲ್‌ವ್ಯೂ ನಗರಾಡಳಿತ ಮಳೆನೀರಿಗಾಗಿಯೇ ಪ್ರತ್ಯೇಕ ವಿಭಾಗವನ್ನು ಸ್ಥಾಪಿಸಿತು. ಕುಡಿಯುವ ನೀರು, ಒಳಚರಂಡಿಗಳಂತೆ ಇದಕ್ಕೂ ತನ್ನದೇ ಖಾತೆ, ತನ್ನದೇ ಶುಲ್ಕ. ತೊರೆಗಳನ್ನೆಲ್ಲ ಪೈಪಿನೊಳಗೆ ತುರುಕದೆ, ಅವನ್ನು ತೆರೆದೇ ಉಳಿಸಿ ಮಳೆನೀರಿನ ವ್ಯವಸ್ಥೆಯ ಭಾಗವಾಗಿ ನೋಡಿಕೊಳ್ಳಬೇಕೆಂಬ ನಿಲುವನ್ನೂ ನಗರ ತಳೆಯಿತು. ಶುಲ್ಕಕ್ಕಾಗಿ ನಿವೇಶನಗಳನ್ನು ಅವುಗಳ ಮೇಲೆ ಎಷ್ಟು ಕಟ್ಟಿದೆ ಎಂಬುದರ ಪ್ರಕಾರ ವರ್ಗ ಮಾಡಲಾಯಿತು. ಖಾಲಿ ನೆಲಕ್ಕೆ ಅತಿ ಕಡಿಮೆ ದರ, ಅಂಚಿನಿಂದ ಅಂಚಿಗೆ ಡಾಂಬರು ಬಳಿದ ಜಾಗಕ್ಕೆ ಅತಿ ಹೆಚ್ಚು.

ಕಾನೂನು ಬಂತು, ಹಣ ಬರಲಿಲ್ಲ

ಬೆಲ್‌ವ್ಯೂ ಎದುರಿಸಿದ್ದು ಮುಖ್ಯವಾಗಿ ನೆರೆಯ ಸಮಸ್ಯೆ. ಶುಲ್ಕ ದೇಶದುದ್ದಕ್ಕೂ ಹರಡಿದ್ದು ಮಾಲಿನ್ಯದ ಕಾರಣಕ್ಕೆ. 1972ರ ಶುದ್ಧ ಜಲ ಕಾಯಿದೆ ಮೊದಲು ಕಣ್ಣಿಟ್ಟಿದ್ದು ಕಾರ್ಖಾನೆಗಳ ಮತ್ತು ಕೊಳಚೆನೀರಿನ ಪೈಪುಗಳ ಮೇಲೆ. ಅವು ಒಂದಿಷ್ಟು ಹತೋಟಿಗೆ ಬಂದರೂ ನದಿ, ಸರೋವರಗಳು ಪೂರ್ತಿ ತಿಳಿಯಾಗಲಿಲ್ಲ. 1979ರಿಂದ 1983ರವರೆಗೆ ಇಪಿಎ ದೇಶದ 28 ಕಡೆ ನಗರಗಳ ಮಳೆನೀರನ್ನು ಪರೀಕ್ಷಿಸಿತು. ಬೆಲ್‌ವ್ಯೂ ಅದರಲ್ಲೊಂದು. ರಸ್ತೆ ತೊಳೆದು ಬರುವ ನೀರಿನಲ್ಲಿ ಸೀಸ, ತಾಮ್ರ, ಸತುವಿನಂಥ ಲೋಹಗಳೂ ಮಲದ ಬ್ಯಾಕ್ಟೀರಿಯಾಗಳೂ ಇರುವುದು ದಾಖಲಾಯಿತು.

1987ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದು, ಊರಿನ ಮಳೆನೀರು ಚರಂಡಿಗಳಿಗೂ ಪರವಾನಗಿ ಬೇಕೆಂದಿತು. 1990ರ ನಿಯಮ ಒಂದು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಪ್ರದೇಶಗಳಿಗೆ ಅನ್ವಯವಾದರೆ, 1999ರ ನಿಯಮ ನಗರ ಪ್ರದೇಶದ ಸಣ್ಣ ಊರುಗಳನ್ನೂ ಒಳಗೊಂಡಿತು. ಚರಂಡಿಗೆ ಕೊಳಚೆ ಸೇರದಂತೆ ನೋಡುವುದು, ಕಟ್ಟಡ ಕಾಮಗಾರಿಯ ಮಣ್ಣು ಕೊಚ್ಚಿಹೋಗದಂತೆ ತಡೆಯುವುದು, ಹೊಸ ಬಡಾವಣೆಗಳ ನೀರನ್ನು ನಿಭಾಯಿಸುವುದು ಎಲ್ಲವೂ ಸ್ಥಳೀಯ ಸಂಸ್ಥೆಗಳ ಹೆಗಲಿಗೆ ಬಿತ್ತು. ಇದಕ್ಕೆಲ್ಲ ಬೇಕಾದ ಕಾಯಂ ಅನುದಾನವನ್ನು ಒಕ್ಕೂಟ ಸರ್ಕಾರ ಕೊಡಲಿಲ್ಲ. ಆಗ ಊರುಗಳು ಬೆಲ್‌ವ್ಯೂ ಮಾದರಿಯತ್ತ ತಿರುಗಿದವು.

ಲೆಕ್ಕ ಹಾಕುವ ಕ್ರಮ

ಹೆಚ್ಚು ಬಳಕೆಯಲ್ಲಿರುವುದು ಮನೆಯ ಅಳತೆಯನ್ನೇ ಮೂಲಮಾನವಾಗಿ ಹಿಡಿಯುವ ಪದ್ಧತಿ. ಊರಿನ ಸಾಮಾನ್ಯ ಒಂಟಿ ಮನೆಯೊಂದರಲ್ಲಿ ಚಾವಣಿ, ಕಾರು ನಿಲ್ಲಿಸುವ ಜಾಗ, ಕಾಲುಹಾದಿ ಸೇರಿ ಎಷ್ಟು ಚದರ ಅಡಿ ಇಂಗದ ನೆಲವಿದೆ ಎಂದು ಮೊದಲು ಲೆಕ್ಕ ಮಾಡುತ್ತಾರೆ. ಅದು ಒಂದು ಮಾನ. ಉದಾಹರಣೆಗೆ ಮಾನವೊಂದಕ್ಕೆ 2,500 ಚದರ ಅಡಿ ಎಂದಿಟ್ಟುಕೊಂಡರೆ, ಆ ಊರಿನ ಮನೆಗೆ ಒಂದು ಮಾನದ ಶುಲ್ಕ. ಕಟ್ಟಡ, ಪಾರ್ಕಿಂಗ್ ಸೇರಿ 50,000 ಚದರ ಅಡಿ ಮುಚ್ಚಿದ ಅಂಗಡಿಗೆ ಇಪ್ಪತ್ತು ಮಾನದ ಶುಲ್ಕ. ಕೆಲವು ಊರುಗಳಲ್ಲಿ ಎಲ್ಲ ಮನೆಗಳಿಗೂ ಒಂದೇ ದರ. ಇನ್ನು ಕೆಲವೆಡೆ ಮನೆಯ ಗಾತ್ರಕ್ಕೆ ತಕ್ಕ ಹಂತಗಳಿವೆ. ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ಮಾನವೆಂದರೆ ಸಾವಿರ ಚದರ ಅಡಿ, ಮನೆಗಳಿಗೆ ಆರು ಹಂತ.

ಅಳತೆಗೆ ಯಾರೂ ಟೇಪು ಹಿಡಿದು ಅಂಗಳಕ್ಕೆ ಬರುವುದಿಲ್ಲ. ವಿಮಾನದಿಂದ ತೆಗೆದ ಚಿತ್ರಗಳ ಮೇಲೆ ಚಾವಣಿ, ಡಾಂಬರಿನ ಅಂಚುಗಳನ್ನು ಕಂಪ್ಯೂಟರಿನಲ್ಲಿ ಗುರುತಿಸಿ, ನಿವೇಶನದ ನಕಾಶೆಗೆ ಹೊಂದಿಸುತ್ತಾರೆ. ತಕರಾರು ಏಳುವುದು ಹೆಚ್ಚಾಗಿ ಜಲ್ಲಿ ಹಾಸಿದ ಜಾಗದ ಬಗ್ಗೆ. ಜಲ್ಲಿಯ ಸಂದಿಯಲ್ಲಿ ನೀರು ಇಂಗುತ್ತದೆ ಎಂಬುದು ಮಾಲೀಕರ ವಾದ. ಕಾರು, ಲಾರಿ ಓಡಾಡಿ ಒತ್ತಿಹೋದ ಜಲ್ಲಿನೆಲ ಕಾಂಕ್ರೀಟಿಗಿಂತ ಬಹಳ ಭಿನ್ನವಲ್ಲ ಎಂಬುದು ಅನೇಕ ಊರುಗಳ ನಿಲುವು. ಲೆಕ್ಕ ತಪ್ಪೆನಿಸಿದರೆ ಮೇಲ್ಮನವಿ ಸಲ್ಲಿಸಬಹುದು.

ಹಲವು ಊರುಗಳಲ್ಲಿ ರಿಯಾಯಿತಿಯೂ ಉಂಟು. ಸೂರಿನ ನೀರನ್ನು ಪೀಪಾಯಿಗೆ ಹಿಡಿದವರಿಗೆ, ನೀರು ನಿಂತು ಇಂಗುವಂತೆ ತಗ್ಗು ಮಾಡಿ ಗಿಡ ನೆಟ್ಟವರಿಗೆ, ನೀರು ಸೋಸುವ ಇಟ್ಟಿಗೆ ಹಾಸಿದವರಿಗೆ ಶುಲ್ಕದ ಒಂದು ಪಾಲು ಕಡಿಮೆಯಾಗುತ್ತದೆ.

ತೆರಿಗೆಯೋ, ಶುಲ್ಕವೋ?

ನ್ಯಾಯಾಲಯಗಳ ಮುಂದೆ ಬಂದ ಮುಖ್ಯ ಪ್ರಶ್ನೆ ಇದೇ. ತೆರಿಗೆಯಾದರೆ ಕೆಲವು ರಾಜ್ಯಗಳಲ್ಲಿ ಮತದಾರರ ಒಪ್ಪಿಗೆ ಬೇಕು. ಚರ್ಚು, ವಿಶ್ವವಿದ್ಯಾಲಯಗಳಂಥ ಆಸ್ತಿ ತೆರಿಗೆ ವಿನಾಯಿತಿ ಇರುವ ಸಂಸ್ಥೆಗಳಿಂದ ವಸೂಲು ಮಾಡುವಂತಿಲ್ಲ. ಶುಲ್ಕವಾದರೆ ಅವರೂ ಕಟ್ಟಬೇಕು, ಆದರೆ ಅದರ ಹಣವನ್ನು ಮಳೆನೀರಿನ ಕೆಲಸಕ್ಕೆ ಬಿಟ್ಟು ಬೇರೆಡೆ ಬಳಸುವಂತಿಲ್ಲ. 1985ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ಕ್ಲಾರ್ಕ್ ಕೌಂಟಿಯ ಪ್ರಕರಣದಲ್ಲಿ ಇದು ತೆರಿಗೆಯಲ್ಲ ಎಂದು ಶುಲ್ಕವನ್ನು ಎತ್ತಿಹಿಡಿಯಿತು. 1998ರಲ್ಲಿ ಮಿಶಿಗನ್ ಸುಪ್ರೀಂ ಕೋರ್ಟ್ ಲ್ಯಾನ್ಸಿಂಗ್ ನಗರದ ಶುಲ್ಕವನ್ನು ವೇಷ ಮರೆಸಿದ ತೆರಿಗೆಯೆಂದು ಕಂಡು ರದ್ದುಮಾಡಿತು.

ಒಕ್ಕೂಟ ಸರ್ಕಾರವೂ ಈ ಜಗಳದಿಂದ ಹೊರಗುಳಿಯಲಿಲ್ಲ. ಸ್ಥಳೀಯ ಸಂಸ್ಥೆ ತಮ್ಮ ಮೇಲೆ ತೆರಿಗೆ ಹೇರುವಂತಿಲ್ಲ ಎಂದು ಕೆಲವು ಇಲಾಖೆಗಳು ರಾಜಧಾನಿಯಲ್ಲೇ ಬಿಲ್ಲು ಕಟ್ಟಲು ಹಿಂದೇಟು ಹಾಕಿದವು. ಸರ್ಕಾರಿ ಕಟ್ಟಡಗಳೂ ನ್ಯಾಯವಾದ ಮಳೆನೀರು ಶುಲ್ಕ ಕಟ್ಟಬೇಕೆಂಬ ಮಸೂದೆಗೆ ಅಧ್ಯಕ್ಷ ಒಬಾಮ 2011ರ ಜನವರಿಯಲ್ಲಿ ಸಹಿ ಹಾಕಿದರು.

ಮೇರಿಲ್ಯಾಂಡಿನ ಒಂದು ಸೆಂಟು

ಜನರ ಸಿಟ್ಟು ಜೋರಾಗಿ ಕಂಡಿದ್ದು ಮೇರಿಲ್ಯಾಂಡಿನಲ್ಲಿ. ಚೆಸಪೀಕ್ ಕೊಲ್ಲಿಗೆ ಸೇರುವ ಸಾರಜನಕ, ರಂಜಕ ಮತ್ತು ಹೂಳಿಗೆ 2010ರಲ್ಲಿ ಇಪಿಎ ಮಿತಿ ಹಾಕಿತು. 2012ರಲ್ಲಿ ರಾಜ್ಯದ ಶಾಸನಸಭೆ ಒಂಬತ್ತು ಕೌಂಟಿಗಳೂ ಬಾಲ್ಟಿಮೋರ್ ನಗರವೂ ಮರುವರ್ಷದ ಜುಲೈ ಒಳಗೆ ಮಳೆನೀರು ಶುಲ್ಕ ವಿಧಿಸಬೇಕೆಂದು ಕಾನೂನು ಮಾಡಿತು. ವಿರೋಧಿಗಳು ಅದನ್ನು ಮಳೆ ತೆರಿಗೆ ಎಂದು ಕರೆದರು. ಫ್ರೆಡರಿಕ್ ಕೌಂಟಿ ಕಾನೂನಿನ ಅಕ್ಷರವನ್ನಷ್ಟೇ ಪಾಲಿಸಿ, ಆಸ್ತಿಯೊಂದಕ್ಕೆ ವರ್ಷಕ್ಕೆ ಒಂದು ಸೆಂಟು ಶುಲ್ಕ ಗೊತ್ತುಮಾಡಿತು. 2014ರ ಚುನಾವಣೆಯಲ್ಲಿ ಲ್ಯಾರಿ ಹೋಗನ್ ಈ ಶುಲ್ಕದ ವಿರುದ್ಧ ಪ್ರಚಾರ ಮಾಡಿ ಗವರ್ನರ್ ಆದರು. 2015ರಲ್ಲಿ ಕಡ್ಡಾಯ ಹೋಯಿತು. ಕೊಲ್ಲಿಯ ಮಾಲಿನ್ಯ ತಗ್ಗಿಸುವ ಹೊಣೆ ಮಾತ್ರ ಕೌಂಟಿಗಳ ಮೇಲೆ ಹಾಗೇ ಉಳಿಯಿತು.

ಫಿಲಡೆಲ್ಫಿಯದಲ್ಲಿ ಶುಲ್ಕ ಬೇರೂರಿತು. ಅಲ್ಲಿ ಹಿಂದೆ ಮಳೆನೀರಿನ ವೆಚ್ಚವನ್ನು ನೀರಿನ ಮೀಟರಿನ ಗಾತ್ರಕ್ಕೆ ತಕ್ಕಂತೆ ಹಂಚುತ್ತಿದ್ದರು. ನಲ್ಲಿಯೇ ಇಲ್ಲದ ಪಾರ್ಕಿಂಗ್ ಜಾಗಗಳಿಗೆ ಬಿಲ್ಲೇ ಬರುತ್ತಿರಲಿಲ್ಲ. ನೀರು ಹೆಚ್ಚು ಬಳಸುವ ಎತ್ತರದ ಕಟ್ಟಡ ಚಾವಣಿ ಚಿಕ್ಕದಿದ್ದರೂ ಹೆಚ್ಚು ಕಟ್ಟುತ್ತಿತ್ತು. 2010ರಿಂದ ಮನೆಗಳಲ್ಲದ ಆಸ್ತಿಗಳಿಗೆ ಹಂತಹಂತವಾಗಿ ಹೊಸ ಲೆಕ್ಕ ಬಂತು. ವೆಚ್ಚದ ಶೇ 80 ಇಂಗದ ನೆಲದ ಮೇಲೆ, ಶೇ 20 ನಿವೇಶನದ ಒಟ್ಟು ವಿಸ್ತೀರ್ಣದ ಮೇಲೆ. ಮರುವರ್ಷ ನಗರ ದೊಡ್ಡ ಸುರಂಗಗಳ ಬದಲು ಇಂಗುತೋಟ, ಮರದ ಗುಣಿ, ಹಸಿರು ಚಾವಣಿಗಳಿಂದ ಮಳೆನೀರು ತಡೆಯುವ 25 ವರ್ಷಗಳ ಯೋಜನೆಯನ್ನು ಕೈಗೆತ್ತಿಕೊಂಡಿತು.

ಜರ್ಮನಿಯಲ್ಲೂ ಕೊಳಚೆನೀರಿಗೆ ಮತ್ತು ಮಳೆನೀರಿಗೆ ಬೇರೆಬೇರೆ ಶುಲ್ಕ ಹಾಕುವ ಪದ್ಧತಿ ಇದೆ. 2010ರಲ್ಲಿ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಆಡಳಿತ ನ್ಯಾಯಾಲಯದ ತೀರ್ಪಿನ ನಂತರ ಅಲ್ಲಿನ ಊರುಗಳು ಎರಡನ್ನೂ ಬೇರ್ಪಡಿಸಬೇಕಾಯಿತು. ಬೆಂಗಳೂರು ಹಿಡಿದ ದಾರಿ ಬೇರೆ. 2009ರ ತಿದ್ದುಪಡಿಯಿಂದ ಜಲಮಂಡಳಿ ವ್ಯಾಪ್ತಿಯಲ್ಲಿ 2,400 ಚದರ ಅಡಿ ಮತ್ತು ಮೇಲ್ಪಟ್ಟ ನಿವೇಶನಗಳ ಹಳೆಯ ಕಟ್ಟಡಗಳಿಗೂ 1,200 ಚದರ ಅಡಿ ಮತ್ತು ಮೇಲ್ಪಟ್ಟ ನಿವೇಶನಗಳ ಹೊಸ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ತಪ್ಪಿದವರಿಗೆ ನೀರಿನ ಬಿಲ್ಲಿನಲ್ಲೇ ದಂಡ ಬೀಳುತ್ತದೆ. ದಂಡ ಬೀಳುವುದು ನಿಯಮ ಮುರಿದವರಿಗೆ ಮಾತ್ರ, ಶುಲ್ಕ ಬೀಳುವುದು ಚರಂಡಿಗೆ ನೀರು ಬಿಡುವ ಎಲ್ಲರಿಗೂ.

ಅಮೆರಿಕದ ಐದು ದಶಕಗಳ ಅನುಭವ ನೋಡಿದರೆ, ತಿಂಗಳಿಗೆ ಕೆಲವೇ ಡಾಲರು ಕಟ್ಟುವ ಮನೆಯವರು ಶುಲ್ಕ ಉಳಿಸಲೆಂದು ಅಂಗಳದ ಕಾಂಕ್ರೀಟು ಕೀಳುವುದು ಅಪರೂಪ. ರಿಯಾಯಿತಿಯ ಲೆಕ್ಕ ಹಾಕುವವರು ದೊಡ್ಡ ಚಾವಣಿ, ದೊಡ್ಡ ಪಾರ್ಕಿಂಗ್ ಇರುವ ಉದ್ಯಮಗಳವರು. ಶುಲ್ಕದ ನಿಜವಾದ ಸಾಧನೆ ಬೇರೆ ಇದೆ. ನೆರೆ ಬಂದಾಗ ಮಾತ್ರ ನೆನಪಾಗುತ್ತಿದ್ದ ಚರಂಡಿಗಳಿಗೆ ಅದು ವರ್ಷವರ್ಷವೂ ತಪ್ಪದೆ ಬರುವ, ಬೇರೆ ಕೆಲಸಕ್ಕೆ ತಿರುಗಿಸಲಾಗದ ಹಣ ಒದಗಿಸಿದೆ.